ಸಂಬಳ ನಿಂತರೆ ಎಷ್ಟು ದಿನ? ಕಿರಿಯ ವೈದ್ಯರ ಹಣದ ಭದ್ರತೆ

(ಇಂಗ್ಲೆಂಡಿನ ಕನ್ನಡಿಗರ ಕೂಟವೊಂದರಲ್ಲಿ, ಹೊಸದಾಗಿ ಬಂದ ವೈದ್ಯರನ್ನೂ ಇಲ್ಲಿನ ಹಳಬರನ್ನೂ ಉದ್ದೇಶಿಸಿ ಆಡಿದ ಮಾತಿನ ಬರಹರೂಪ. ಇಲ್ಲಿನ ಸಂಬಳ, ಕರಾರುಗಳ ವಿವರ ಇಂಗ್ಲೆಂಡಿನ ಎನ್‌ಎಚ್‌ಎಸ್‌ಗೆ ಸೇರಿದ್ದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಕೆಲವು ಬೇರೆಯಾಗಿವೆ.)



ಇಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಈಚಿನ ಎರಡು ಮೂರು ವರ್ಷಗಳಲ್ಲಿ ಮೈಸೂರು, ಹುಬ್ಬಳ್ಳಿ, ಮಂಗಳೂರು, ದಾವಣಗೆರೆ, ಕಲಬುರಗಿಗಳಿಂದ ಪ್ಲ್ಯಾಬ್ ಪರೀಕ್ಷೆ ಬರೆದು ಬಂದವರು. ಉಳಿದರ್ಧ ಇಲ್ಲೇ ಬೇರು ಬಿಟ್ಟವರು. ಐಟಿಯವರಿದ್ದೀರಿ, ಅಕೌಂಟೆಂಟರಿದ್ದೀರಿ, ಮೇಷ್ಟ್ರುಗಳಿದ್ದೀರಿ, ನನ್ನಂಥ ಹಳೆಯ ವೈದ್ಯರೂ ಇದ್ದೀರಿ. ಎರಡು ಗುಂಪಿಗೂ ನನ್ನ ಹತ್ತಿರ ಮಾತಿದೆ. ಹೊಸಬರಿಗೆ ಹೇಳುವುದು ಮೊದಲು, ಹಳಬರಿಗೆ ಹೇಳುವುದು ಕೊನೆಗೆ. ಹಳಬರು ದಯವಿಟ್ಟು ಮಧ್ಯದಲ್ಲಿ ಕಾಫಿಗೆ ಎದ್ದು ಹೋಗಬೇಡಿ.

ನಾನು ಹಣಕಾಸು ಸಲಹೆಗಾರನಲ್ಲ. ಯಾವ ಷೇರು ಕೊಳ್ಳಬೇಕು, ಬೆಂಗಳೂರಿನಲ್ಲಿ ಯಾವ ಬಡಾವಣೆಯಲ್ಲಿ ಸೈಟು ತೆಗೆಯಬೇಕು ಎಂದು ನನ್ನನ್ನು ಕೇಳಬೇಡಿ. ನನ್ನದು ಒಂದೇ ಪ್ರಶ್ನೆ. ನಾಳೆ ಬೆಳಿಗ್ಗೆ ನಿಮ್ಮ ಸಂಬಳ ನಿಂತುಹೋದರೆ, ಯಾರ ಮುಂದೆಯೂ ಕೈ ಚಾಚದೆ ಈ ದೇಶದಲ್ಲಿ ನೀವು ಎಷ್ಟು ದಿನ ಇರಬಲ್ಲಿರಿ?

ಈ ಪ್ರಶ್ನೆಯನ್ನು ನಾನು ಹಲವು ಹುಡುಗ ಹುಡುಗಿಯರಿಗೆ ಕೇಳಿದ್ದೇನೆ. ಹೆಚ್ಚಿನವರು ಮೊದಲು ನಗುತ್ತಾರೆ. ‘ಸಾರ್, ಡಾಕ್ಟರಿಗೆ ಕೆಲಸ ಹೋಗತ್ತಾ?’ ಅನ್ನುತ್ತಾರೆ. ಆಮೇಲೆ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಲೆಕ್ಕ ಮುಗಿಯುವ ಹೊತ್ತಿಗೆ ನಗು ಮಾಯವಾಗಿರುತ್ತದೆ.

ಸಂಬಳ ಕಡಿಮೆಯೇ? 2025-26ರ ದರದಲ್ಲಿ ಫೌಂಡೇಶನ್ ಮೊದಲ ವರ್ಷದವರ ಮೂಲ ಸಂಬಳ ವರ್ಷಕ್ಕೆ 38,831 ಪೌಂಡ್, ಎರಡನೆಯ ವರ್ಷದವರದು 44,439 ಪೌಂಡ್. ರಾತ್ರಿ ಪಾಳಿ, ವಾರಾಂತ್ಯದ ಪಾಳಿಗಳಿಗೆ ಇದರ ಮೇಲೆ ಸ್ವಲ್ಪ ಸೇರುತ್ತದೆ. ಊರಿನಲ್ಲಿ ಇದನ್ನು ರೂಪಾಯಿಗೆ ಗುಣಿಸಿದ ಕೂಡಲೇ ಐವತ್ತು ಲಕ್ಷ ದಾಟುತ್ತದೆ, ನೆಂಟರ ಕಣ್ಣು ಅರಳುತ್ತದೆ. ಆದರೆ ಖರ್ಚು ಮಾಡುವುದು ರೂಪಾಯಿಯಲ್ಲಲ್ಲ. 44,439ರಲ್ಲಿ ಪಿಂಚಣಿ ವಂತಿಗೆ, ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 2,670 ಪೌಂಡ್. ಬಾಡಿಗೆ, ಕೌನ್ಸಿಲ್ ತೆರಿಗೆ, ಕರೆಂಟು, ಕಾರು, ಪರೀಕ್ಷೆಯ ಶುಲ್ಕ, ಊರಿನ ಸಾಲದ ಕಂತು, ಎಲ್ಲವೂ ಅದರಲ್ಲೇ ಆಗಬೇಕು.

ಈ ಸಂಬಳ ಸುಮ್ಮನೆ ಬಂದದ್ದೂ ಅಲ್ಲ. 2008ರಿಂದ ಬೆಲೆ ಏರಿದಷ್ಟು ಸಂಬಳ ಏರಲಿಲ್ಲ ಎಂಬ ಕೂಗೆದ್ದು, 2023ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕಿರಿಯ ವೈದ್ಯರು ಮುಷ್ಕರ ಹೂಡಿದರು. ಸುಮಾರು ಒಂದೂವರೆ ವರ್ಷ ಹೋರಾಡಿದ ಮೇಲೆ 2024ರ ಸೆಪ್ಟೆಂಬರಿನಲ್ಲಿ, ಎರಡು ವರ್ಷಕ್ಕೆ ಸೇರಿ ಸರಾಸರಿ ನೂರಕ್ಕೆ 22.3ರ ಏರಿಕೆಗೆ ಒಪ್ಪಿದರು. ಅದೇ ತಿಂಗಳು ‘ಜೂನಿಯರ್’ ಎಂಬ ಹೆಸರು ಹೋಗಿ ‘ರೆಸಿಡೆಂಟ್ ಡಾಕ್ಟರ್’ ಎಂದಾಯಿತು. 2025ರ ಜುಲೈ, ನವೆಂಬರ್, ಡಿಸೆಂಬರಿನಲ್ಲಿ ಮತ್ತೆ ಮುಷ್ಕರಗಳಾದವು. ಮುಷ್ಕರದ ದಿನಗಳಿಗೆ ಸಂಬಳವಿಲ್ಲ. ಕೈಯಲ್ಲಿ ಒಂದಿಷ್ಟು ಉಳಿತಾಯವಿದ್ದವನು ಸಂಘದ ಜತೆ ನಿಂತ. ಇಲ್ಲದವನು ತಲೆ ತಗ್ಗಿಸಿ ವಾರ್ಡಿಗೆ ಹೋದ. ಉಳಿತಾಯವೆಂದರೆ ಬರೀ ದುಡ್ಡಲ್ಲ, ನಿಮ್ಮ ಮನಸ್ಸಿಗೆ ಬಂದಂತೆ ‘ಹೌದು’ ಅಥವಾ ‘ಇಲ್ಲ’ ಅನ್ನುವ ಶಕ್ತಿ. ಅಂದ ಹಾಗೆ, ಕಾನೂನುಬದ್ಧ ಮುಷ್ಕರದಲ್ಲಿ ಭಾಗವಹಿಸಿದರೆ ವೀಸಾ ಹೋಗುತ್ತದೆ ಎಂಬುದು ಸುಳ್ಳು ಸುದ್ದಿ. ಹೋಗುವುದಿಲ್ಲ.

ಸಂಬಳ ನಿಂತಾಗ ನಿಮ್ಮನ್ನು ಎತ್ತಿ ಹಿಡಿಯುವುದು, ಅಥವಾ ಕೈಬಿಡುವುದು, ನಾಲ್ಕು ಕಾಗದಗಳು. ವೀಸಾ, ಕೆಲಸದ ಕರಾರು, ಪಿಂಚಣಿ, ಊರಿನ ಸಾಲಪತ್ರ. ಒಂದೊಂದಾಗಿ ನೋಡೋಣ.

ಮೊದಲನೆಯದು ವೀಸಾ. ನಿಮ್ಮ ವೀಸಾದಲ್ಲಿ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತು ಇರುತ್ತದೆ. ಎಂದರೆ ಪಕ್ಕದ ಮನೆಯವನಿಗೆ ಕೆಲಸ ಹೋದರೆ ಸಿಗುವ ಸರಕಾರಿ ನೆರವಿನಲ್ಲಿ ಹೆಚ್ಚಿನದು ನಿಮಗೆ ಸಿಗುವುದಿಲ್ಲ, ತೆರಿಗೆ ಇಬ್ಬರೂ ಒಂದೇ ರೀತಿ ಕಟ್ಟಿದ್ದರೂ. ವೀಸಾ ಕೊಡಿಸಿದ ಟ್ರಸ್ಟಿನ ಕೆಲಸ ಮುಗಿದರೆ ಹೋಮ್ ಆಫೀಸು ಸಾಮಾನ್ಯವಾಗಿ 60 ದಿನಗಳ ಗಡುವು ಕೊಟ್ಟು ಪತ್ರ ಬರೆಯುತ್ತದೆ. ಅಷ್ಟರಲ್ಲಿ ಹೊಸ ಕೆಲಸ, ಹೊಸ ಪ್ರಾಯೋಜಕತ್ವ ಸಿಗಬೇಕು. ಇಲ್ಲವೆಂದರೆ ಗಂಟುಮೂಟೆ ಕಟ್ಟಬೇಕು.

ಹೀಗೆಲ್ಲ ಆಗುವುದಿಲ್ಲ ಅನ್ನುವವರಿಗೆ 2006 ನೆನಪಿಸುತ್ತೇನೆ. ಅದುವರೆಗೆ ಹೊರದೇಶದ ವೈದ್ಯರು ವರ್ಕ್ ಪರ್ಮಿಟ್ ಇಲ್ಲದೆ ಇಲ್ಲಿ ತರಬೇತಿ ಹುದ್ದೆ ಹಿಡಿಯಬಹುದಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಸರಕಾರ ಆ ಸೌಲಭ್ಯ ತೆಗೆಯುವುದಾಗಿ ಹೇಳಿತು, ಏಪ್ರಿಲ್‌ನಲ್ಲಿ ತೆಗೆದೇಬಿಟ್ಟಿತು. ಸಾಲ ಮಾಡಿ ಬಂದು ಪ್ಲ್ಯಾಬ್ ಪಾಸು ಮಾಡಿ ಕೂತಿದ್ದ ಸಾವಿರಾರು ಜನ ಭಾರತೀಯ ವೈದ್ಯರು ರಾತ್ರೋರಾತ್ರಿ ಸಾಲಿನ ಕೊನೆಗೆ ಬಿದ್ದರು. ಲಂಡನ್ನಿನ ಈಸ್ಟ್ ಹ್ಯಾಂನಲ್ಲಿ ಒಂದೊಂದು ಕೋಣೆಯಲ್ಲಿ ಹಲವರು ಮಲಗಿ, ದೇವಸ್ಥಾನದ ಊಟ ಉಂಡು ದಿನ ದೂಡಿದರು. ಭಾರತೀಯ ಮೂಲದ ವೈದ್ಯರ ಸಂಘವಾದ ‘ಬಾಪಿಯೊ’ ನ್ಯಾಯಾಲಯಕ್ಕೆ ಹೋಯಿತು. 2008ರ ಏಪ್ರಿಲ್ 30ರಂದು ಹೌಸ್ ಆಫ್ ಲಾರ್ಡ್ಸ್, ಆರೋಗ್ಯ ಇಲಾಖೆಯ ಆ ಕಾಲದ ಮಾರ್ಗಸೂಚಿ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಕಾಯುವ ಶಕ್ತಿಯಿದ್ದವರು ಉಳಿದರು. ಇಲ್ಲದವರು ಸಾಲ ಹೊತ್ತು ವಾಪಸಾದರು.

ಈಗಿನ ಸ್ಥಿತಿ ನೋಡಿ. 2025ರಲ್ಲಿ ಸ್ಪೆಶಾಲಿಟಿ ತರಬೇತಿಯ ಸುಮಾರು 10,000 ಹುದ್ದೆಗಳಿಗೆ 30,000ಕ್ಕೂ ಹೆಚ್ಚು ವೈದ್ಯರು ಅರ್ಜಿ ಹಾಕಿದರು. ಬ್ರಿಟನ್ನಿನಲ್ಲಿ ಓದಿದವರಿಗೆ ಆದ್ಯತೆ ಕೊಡುತ್ತೇವೆಂದು ಸರಕಾರ 2025ರ ಜುಲೈನಲ್ಲಿ ತನ್ನ ಹತ್ತು ವರ್ಷಗಳ ಯೋಜನೆಯಲ್ಲಿ ಹೇಳಿತು. 2026ರ ಜನವರಿಯಲ್ಲಿ ಅದಕ್ಕಾಗಿ ಪಾರ್ಲಿಮೆಂಟಿನಲ್ಲಿ ಮಸೂದೆಯನ್ನೂ ಮಂಡಿಸಿತು. ತಮ್ಮ ದೇಶದಲ್ಲಿ ಓದಿದ ಮಕ್ಕಳಿಗೆ ಅವರು ಮೊದಲ ಎಲೆ ಹಾಕುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನೀವು ಎರಡನೆಯ ಪಂಕ್ತಿಯಲ್ಲಿ ಕೂತಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು, ಅದಕ್ಕೆ ತಕ್ಕ ತಯಾರಿ ಇರಬೇಕು.

ತಯಾರಿ ಎಂದರೆ ಇಷ್ಟೇ: ಮೂರು ತಿಂಗಳ ಬಾಡಿಗೆ, ಮೂರು ತಿಂಗಳ ದಿನಸಿ, ಮನೆಮಂದಿಗೆಲ್ಲ ಊರಿನ ವಿಮಾನದ ಟಿಕೆಟ್ಟಿಗಾಗುವಷ್ಟು ಹಣ. ಅದು ಇಲ್ಲಿನ ಬ್ಯಾಂಕಿನಲ್ಲಿ, ನಿಮ್ಮ ಹೆಸರಿನಲ್ಲಿ, ಬೇಕೆಂದ ದಿನ ತೆಗೆಯುವಂತೆ ಇರಬೇಕು. ಊರಿನ ಬ್ಯಾಂಕಿನ ಎಫ್‌ಡಿ ಇದಕ್ಕೆ ಲೆಕ್ಕವಿಲ್ಲ. ಚಿನ್ನ ಲೆಕ್ಕವಿಲ್ಲ. ದೇವನಹಳ್ಳಿಯ ಸೈಟಂತೂ ಲೆಕ್ಕವೇ ಇಲ್ಲ. 60 ದಿನದ ಗಡುವಿಗೆ 90 ದಿನದ ಅಕ್ಕಿ. ಇದು ತುಂಬುವವರೆಗೆ ಬೇರೆ ಯಾವ ಹೂಡಿಕೆಯ ಮಾತೂ ಬೇಡ.

ಎರಡನೆಯದು ಕೆಲಸದ ಕರಾರು. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ತರಬೇತಿ ಹುದ್ದೆಯಲ್ಲ. ‘ಟ್ರಸ್ಟ್ ಗ್ರೇಡ್’, ‘ಕ್ಲಿನಿಕಲ್ ಫೆಲೋ’ ಎಂಬ ಹೆಸರಿನ, ಆರು ತಿಂಗಳು ಅಥವಾ ಒಂದು ವರ್ಷದ ಹುದ್ದೆ. ತರಬೇತಿಯಲ್ಲಿರುವವರಿಗೆ ರಾಷ್ಟ್ರೀಯ ಕರಾರು ಇದೆ. ನಿಮ್ಮ ಕರಾರನ್ನು ಬರೆಯುವುದು ಆ ಟ್ರಸ್ಟ್. ಹಲವು ಟ್ರಸ್ಟ್‌ಗಳು ರಾಷ್ಟ್ರೀಯ ಕರಾರನ್ನೇ ಹೋಲುವಂತೆ ಬರೆಯುತ್ತವೆ, ಕೆಲವು ಬರೆಯುವುದಿಲ್ಲ. ಸಹಿ ಹಾಕುವ ಮುಂಚೆ ಮೂರು ವಿಷಯ ಹುಡುಕಿ: ಕಾಯಿಲೆ ರಜೆಯ ಸಂಬಳ, ನೋಟಿಸಿನ ಅವಧಿ, ಹಿಂದಿನ ಎನ್‌ಎಚ್‌ಎಸ್ ಸೇವೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ.

ಕಾಯಿಲೆ ರಜೆಯನ್ನೇ ತೆಗೆದುಕೊಳ್ಳಿ. ಎನ್‌ಎಚ್‌ಎಸ್ಸಿನಲ್ಲಿ ಐದು ವರ್ಷ ದಾಟಿದ ಮೇಲೆ ಆರು ತಿಂಗಳು ಪೂರ್ಣ ಸಂಬಳ, ಮತ್ತಾರು ತಿಂಗಳು ಅರ್ಧ ಸಂಬಳ. ಮೊದಲ ವರ್ಷದಲ್ಲಾದರೋ ಒಂದು ತಿಂಗಳು ಪೂರ್ಣ, ಅದರ ಮೇಲೆ ಎರಡು ತಿಂಗಳು ಅರ್ಧ. ಆ ಅರ್ಧಕ್ಕೂ ನಾಲ್ಕು ತಿಂಗಳ ಸೇವೆ ಆಗಿರಬೇಕು. ಎಂದರೆ ಅತ್ಯಂತ ಹೆಚ್ಚು ರಕ್ಷಣೆ ಬೇಕಾದ ಹೊತ್ತಿನಲ್ಲಿ ಸಿಗುವುದು ಅತ್ಯಂತ ಕಡಿಮೆ. ಈ ಕಂದಕ ಮುಚ್ಚಲು ಆದಾಯ ಸಂರಕ್ಷಣೆಯ ವಿಮೆಗಳಿವೆ. ತೆಗೆದುಕೊಳ್ಳುವುದಾದರೆ ‘ನಿಮ್ಮದೇ ವೃತ್ತಿ ಮಾಡಲಾಗದಿದ್ದರೆ’ ಹಣ ಕೊಡುತ್ತಾರೋ, ‘ಯಾವ ಕೆಲಸವನ್ನೂ ಮಾಡಲಾಗದಿದ್ದರೆ’ ಮಾತ್ರವೋ ನೋಡಿ. ಕೈ ನಡುಗುವ ಸರ್ಜನ್ನನಿಗೆ ಈ ಎರಡು ಮಾತಿನ ನಡುವಿನ ವ್ಯತ್ಯಾಸವೇ ಬದುಕು.

ಬ್ಯಾಂಕ್ ಪಾಳಿ, ಲೋಕಮ್ ಪಾಳಿಗಳ ಬಗ್ಗೆ ಒಂದು ಮಾತು. ಗಂಟೆಗೆ ಹೆಚ್ಚು ದುಡ್ಡು ಸಿಗುತ್ತದೆ, ಕಣ್ಣು ಕುಕ್ಕುತ್ತದೆ. ನನಗೆ ಗೊತ್ತಿರುವ ಹುಡುಗನೊಬ್ಬ ಹೆಂಡತಿಯ ವೀಸಾದ ಮೇಲೆ ಬಂದಿದ್ದ. ಊರಿನ ಸಾಲ ಬೇಗ ತೀರಿಸಬೇಕೆಂದು ಕಾಯಂ ಸಂಬಳದ ಹುದ್ದೆ ಬಿಟ್ಟು ಬರೀ ಬ್ಯಾಂಕ್ ಪಾಳಿ ಮಾಡತೊಡಗಿದ. ಹತ್ತು ತಿಂಗಳು ಚೆನ್ನಾಗಿಯೇ ನಡೆಯಿತು. ಜನವರಿಯ ಒಂದು ಬೆಳಿಗ್ಗೆ ಹಿಮಗಟ್ಟಿದ ಕಾಲುದಾರಿಯಲ್ಲಿ ಜಾರಿ ಪಾದದ ಗಂಟಿನ ಮೂಳೆ ಮುರಿಯಿತು. ಏಳು ವಾರ ಮನೆಯಲ್ಲಿ. ಶಾಸನಬದ್ಧವಾದ ಕನಿಷ್ಠ ಭತ್ಯೆ ಬಿಟ್ಟರೆ ಬೇರೆ ಕಾಸಿಲ್ಲ. ಹಳೆಯ ಹುದ್ದೆಯಲ್ಲಿದ್ದಿದ್ದರೆ ಆ ಏಳು ವಾರವೂ ಸಂಬಳ ಬರುತ್ತಿತ್ತು. ಊರಲ್ಲಿ ಅಪ್ಪನಿಗೆ ಹೇಳಲಿಲ್ಲ. ಕ್ರೆಡಿಟ್ ಕಾರ್ಡಿನಿಂದ ಹಣ ತೆಗೆದು ಕಂತು ಕಳಿಸಿದ. ಪಾಳಿ ಮಾಡಬೇಡಿ ಎನ್ನುತ್ತಿಲ್ಲ. ಕಾಯಂ ಹುದ್ದೆಯ ಮೇಲೆ ಹೆಚ್ಚುವರಿಯಾಗಿ ಮಾಡಿ. ಅದನ್ನೇ ಅನ್ನದ ದಾರಿ ಮಾಡಿಕೊಳ್ಳಬೇಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಲೆಕ್ಕ. ಹೆರಿಗೆ ರಜೆಯಲ್ಲಿ ರಾಷ್ಟ್ರೀಯ ನಿಯಮದಂತೆ 8 ವಾರ ಪೂರ್ಣ ಸಂಬಳ, 18 ವಾರ ಅರ್ಧ ಸಂಬಳದ ಜತೆಗೆ ಶಾಸನಬದ್ಧ ಭತ್ಯೆ, ಆಮೇಲೆ 13 ವಾರ ಬರೀ ಭತ್ಯೆ. ಇದು ಸಿಗಬೇಕಾದರೆ ಹೆರಿಗೆಯ ನಿರೀಕ್ಷಿತ ವಾರಕ್ಕೆ 11 ವಾರ ಮುಂಚಿನ ಹೊತ್ತಿಗೆ 12 ತಿಂಗಳ ನಿರಂತರ ಎನ್‌ಎಚ್‌ಎಸ್ ಸೇವೆ ಆಗಿರಬೇಕು. ಎರಡು ಕೆಲಸಗಳ ನಡುವೆ ಮೂರು ತಿಂಗಳವರೆಗಿನ ಬಿಡುವಿದ್ದರೆ ಸೇವೆ ತುಂಡಾಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಲೆಕ್ಕ ಮೊದಲಿನಿಂದ. ತಂಗಿಯ ಮದುವೆಗೆಂದು ಕೆಲಸ ಬಿಟ್ಟು ನಾಲ್ಕು ತಿಂಗಳು ಊರಿಗೆ ಹೋಗುವ ಮುಂಚೆ ಇದು ನೆನಪಿರಲಿ.

ಇನ್ನು, ಒಂದೇ ಟ್ರಸ್ಟಿನಲ್ಲಿ ಅವಧಿ ಕರಾರುಗಳ ಮೇಲೆ ನಾಲ್ಕು ವರ್ಷ ಸತತವಾಗಿ ದುಡಿದಿದ್ದರೆ, 2002ರ ನಿಯಮಗಳ ಪ್ರಕಾರ, ಟ್ರಸ್ಟ್ ಬಲವಾದ ಕಾರಣ ತೋರಿಸದ ಹೊರತು, ನಿಮ್ಮದು ಕಾಯಂ ಹುದ್ದೆಯಾಗುತ್ತದೆ. ಹೀಗೆ ಕೇಳಬಹುದೆಂದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ನಮ್ಮ ಕನ್ನಡದ ಸಂಕೋಚ ಬೇರೆ. ಬಿಎಂಎ ಸದಸ್ಯರಾಗಿ, ಅವರಿಂದ ಕೇಳಿಸಿ. ಹಾಗೆಯೇ ಟ್ರಸ್ಟಿನ ವಿಮೆ ನಿಮ್ಮ ಚಿಕಿತ್ಸೆಯ ಪರಿಹಾರದ ದಾವೆಗಳನ್ನು ನೋಡಿಕೊಳ್ಳುತ್ತದೆಯೇ ಹೊರತು, ಜಿಎಂಸಿಯ ವಿಚಾರಣೆ ಬಂದರೆ ನಿಮ್ಮ ಪರ ನಿಲ್ಲುವುದಿಲ್ಲ. ಲೈಸೆನ್ಸು ಹೋದರೆ ಸಂಬಳವೂ ಹೋಯಿತು. ವೈದ್ಯರ ರಕ್ಷಣಾ ಸಂಸ್ಥೆಗಳಲ್ಲಿ ಒಂದರ ಸದಸ್ಯತ್ವ ತಪ್ಪಿಸಬೇಡಿ.

ಮೂರನೆಯದು ಪಿಂಚಣಿ. ಇಲ್ಲಿ ನಮ್ಮ ಹುಡುಗರು ಮಾಡುವಷ್ಟು ನಷ್ಟದ ವ್ಯಾಪಾರ ಇನ್ನೆಲ್ಲೂ ಮಾಡುವುದಿಲ್ಲ. ಸಂಬಳದ ಚೀಟಿಯಲ್ಲಿ ತಿಂಗಳಿಗೆ 360 ಪೌಂಡ್ ಕಡಿತ ಕಾಣುತ್ತದೆ. ‘ನಾವೇನು ಇಲ್ಲೇ ಇರುತ್ತೇವಾ? ಅರವತ್ತೆಂಟಕ್ಕೆ ಬರುವ ಪಿಂಚಣಿ ಯಾರಿಗೆ ಬೇಕು?’ ಎಂದು ಫಾರಂ ತುಂಬಿ ಹೊರಬರುತ್ತಾರೆ. ಲೆಕ್ಕ ಕೇಳಿ.

44,439 ಪೌಂಡ್ ಸಂಬಳಕ್ಕೆ 2025-26ರ ದರದಲ್ಲಿ ನಿಮ್ಮ ವಂತಿಗೆ ನೂರಕ್ಕೆ 9.8, ಅಂದರೆ ವರ್ಷಕ್ಕೆ ಸುಮಾರು 4,355 ಪೌಂಡ್. ಇದಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ನಿಮ್ಮ ಕೈಯಿಂದ ನಿಜವಾಗಿ ಹೋಗುವುದು ಸುಮಾರು 3,480. ತಿಂಗಳಿಗೆ 290. ಇದಕ್ಕೆ ಪ್ರತಿಯಾಗಿ ಆ ಒಂದು ವರ್ಷದ ದುಡಿಮೆಗೆ ನಿಮ್ಮ ಹೆಸರಿನಲ್ಲಿ ಬರೆಯುವ ಪಿಂಚಣಿ ಸಂಬಳದ 54ನೆಯ ಒಂದು ಭಾಗ, ಸುಮಾರು 823 ಪೌಂಡ್. ಒಂದು ಸಲ ಅಲ್ಲ, ಪಿಂಚಣಿ ಶುರುವಾದ ಮೇಲೆ ಸಾಯುವವರೆಗೆ ವರ್ಷ ವರ್ಷವೂ. ನೀವು ಸೇವೆಯಲ್ಲಿರುವಷ್ಟು ದಿನ ಅದು ಬೆಲೆಯೇರಿಕೆಯ ದರಕ್ಕಿಂತ ನೂರಕ್ಕೆ ಒಂದೂವರೆಯಷ್ಟು ಹೆಚ್ಚಾಗಿ ಬೆಳೆಯುತ್ತದೆ. ಐದು ವರ್ಷ ಮಾತ್ರ ದುಡಿದು ಮೈಸೂರಿಗೆ ವಾಪಸು ಹೋದರೂ ಐದು ವರ್ಷದ ಪಿಂಚಣಿ ನಿಮ್ಮದೇ. ಅದು ಹೊರದೇಶಕ್ಕೂ ಬರುತ್ತದೆ. ಎರಡು ವರ್ಷ ತುಂಬುವ ಮೊದಲೇ ಹೊರಟರೆ ಕಟ್ಟಿದ ವಂತಿಗೆಯನ್ನು ತೆರಿಗೆ ಕಳೆದು ವಾಪಸು ಕೇಳಬಹುದು.

ಉದ್ಯೋಗದಾತರು ನಿಮ್ಮ ಪರವಾಗಿ ಕಟ್ಟುವುದು ನೂರಕ್ಕೆ 23.7. ಈ ಸಂಬಳಕ್ಕೆ ಅದು ವರ್ಷಕ್ಕೆ 10,000 ಪೌಂಡ್ ದಾಟುತ್ತದೆ. ನೀವು ಹೊರಬಂದರೆ ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ.

ಇನ್ನೂ ಮುಖ್ಯವಾದದ್ದು ಬೇರೆಯಿದೆ. ಪಿಂಚಣಿ ಯೋಜನೆಯಲ್ಲಿದ್ದು ಸೇವೆಯಲ್ಲಿರುವಾಗ ಜೀವಕ್ಕೆ ಅಪಾಯವಾದರೆ ಮನೆಯವರಿಗೆ ಎರಡು ವರ್ಷದ ಸಂಬಳದಷ್ಟು ಇಡಿಗಂಟು, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಪಿಂಚಣಿ. ಎರಡು ವರ್ಷ ಸೇವೆ ತುಂಬಿದ ಮೇಲೆ ಕಾಯಿಲೆಯಿಂದ ಇನ್ನು ಕೆಲಸ ಮಾಡಲಾಗದ ಸ್ಥಿತಿ ಬಂದರೆ ಆಗಲೂ ಪಿಂಚಣಿಯ ದಾರಿಯಿದೆ. ಮೂವತ್ತರ ಹರೆಯದ ವೈದ್ಯನಿಗೆ ಇದೇ ಅಸಲು ಭದ್ರತೆ. ತಿಂಗಳಿಗೆ 290 ಪೌಂಡ್ ಉಳಿಸಲು ಹೋಗಿ ಇದನ್ನು ಬಿಟ್ಟುಕೊಡುವುದು, ಮಳೆಗಾಲದಲ್ಲಿ ಛತ್ರಿ ಮಾರಿ ಮೂಟೆ ಹಗುರವಾಯಿತು ಅಂದಂತೆ. ಇಡಿಗಂಟು ಯಾರಿಗೆ ಹೋಗಬೇಕೆಂದು ನಾಮನಿರ್ದೇಶನದ ಫಾರಂ ಇದೆ. ಮದುವೆಯಾಗದವರು ಅಪ್ಪ ಅಮ್ಮನ ಹೆಸರು ಬರೆಯಬಹುದು. ಇವತ್ತು ರಾತ್ರಿಯೇ ತುಂಬಿ.

ನಾಲ್ಕನೆಯದು ಊರಿನ ಸಾಲಪತ್ರ. ಇದರ ಬಗ್ಗೆ ಮಾತಾಡುವುದು ಎಲ್ಲಕ್ಕಿಂತ ಕಷ್ಟ. ಮ್ಯಾನೇಜ್‌ಮೆಂಟ್ ಸೀಟಿಗೆ ಅಪ್ಪ ಜಮೀನು ಅಡವಿಟ್ಟಿದ್ದಾರೆ, ಇಲ್ಲವೇ ನಿವೃತ್ತಿಯ ಹಣ ಸುರಿದಿದ್ದಾರೆ. ಪ್ಲ್ಯಾಬಿಗೆ, ವಿಮಾನಕ್ಕೆ, ಇಲ್ಲಿನ ಮೊದಲ ಬಾಡಿಗೆಗೆ ಮತ್ತೊಂದಿಷ್ಟು ಕೈಸಾಲ. ಇಂಟರ್ನ್‌ಶಿಪ್ಪಿನಲ್ಲಿ ದುಡಿದು ಉಳಿಸುವ ಮಾತೇ ಇಲ್ಲ. ಕರ್ನಾಟಕದ ಸರಕಾರಿ ಕಾಲೇಜಿನ ಇಂಟರ್ನ್‌ಗಳು 2020ರಲ್ಲಿ, ಕೋವಿಡ್ ವಾರ್ಡುಗಳಲ್ಲಿ ದುಡಿಯುತ್ತಲೇ ಹೋರಾಡಿ, ತಮ್ಮ ಭತ್ಯೆಯನ್ನು ತಿಂಗಳಿಗೆ 20,000ದಿಂದ 30,000 ರೂಪಾಯಿಗೆ ಏರಿಸಿಕೊಂಡರು. ದೇಶದ ಖಾಸಗಿ ಕಾಲೇಜುಗಳಲ್ಲಿ ಭತ್ಯೆಯನ್ನೇ ಸರಿಯಾಗಿ ಕೊಡದ ದೂರು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಹೀಗೆ ಬರಿಗೈಯಲ್ಲಿ ಅಲ್ಲ, ಸಾಲದ ಕೈಯಲ್ಲಿ ನಮ್ಮ ಮಕ್ಕಳು ಇಲ್ಲಿ ಇಳಿಯುತ್ತಾರೆ.

ಇಳಿದ ಮೊದಲ ತಿಂಗಳೇ ಇದ್ದಬದ್ದದ್ದನ್ನೆಲ್ಲ ಊರಿಗೆ ಕಳಿಸುತ್ತಾರೆ. ಅಪ್ಪ ಕೇಳಿದ್ದಕ್ಕಲ್ಲ, ಕೇಳದೇ ಇದ್ದದ್ದಕ್ಕೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ಸಾಲ ತೀರುವುದು ನೀವು ಇಲ್ಲಿ ಗಟ್ಟಿಯಾಗಿ ನಿಂತರೆ ಮಾತ್ರ. ಒಂದು ಫೋನ್ ಮಾಡಿ, ಹೀಗೆ ಹೇಳಿ ನೋಡಿ: ‘ಅಪ್ಪಾ, ಮೊದಲ ಆರು ತಿಂಗಳು ಕಂತಿನ ಅರ್ಧ ಮಾತ್ರ ಕಳಿಸ್ತೀನಿ. ಉಳಿದದ್ದು ಇಲ್ಲೇ ಇಡ್ತೀನಿ. ನನ್ನ ಕೆಲಸ ಕೈಕೊಟ್ಟರೂ ನಿಮ್ಮ ಕಂತು ನಿಲ್ಲಬಾರದು, ಅದಕ್ಕೆ.’ ನಮ್ಮ ಅಪ್ಪಂದಿರು ನಾವು ತಿಳಿದುಕೊಂಡದ್ದಕ್ಕಿಂತ ಜಾಣರು. ಮಳೆ ಕೈಕೊಟ್ಟ ವರ್ಷಕ್ಕೆಂದು ಬಿತ್ತನೆ ಕಾಳು ಎತ್ತಿಡುವುದನ್ನು ನಮಗೆ ಕಲಿಸಿದವರೇ ಅವರು. ಬ್ಯಾಂಕಿನ ಸಾಲವಾದರೆ ಕಂತಿನ ಮರುಹೊಂದಾಣಿಕೆ ಕೇಳಬಹುದು. ಕಂತು ತಪ್ಪುವ ಮುಂಚೆ ಕೇಳಬೇಕು, ತಪ್ಪಿದ ಮೇಲಲ್ಲ. ಕೈಸಾಲವಾದರೆ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಿ, ಅದಕ್ಕೆ ಚೀಟಿ ಬರೆಸಿಕೊಳ್ಳಿ. ಊರಿನಲ್ಲಿ ಕಡ್ಡಾಯ ಸೇವೆಯ ಬಾಂಡ್ ಇದ್ದವರು, ಅದು ತೀರಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಹತ್ತು ವರ್ಷದ ನಂತರ ದಂಡವಾಗಿ ಎದುರು ನಿಲ್ಲಬಹುದು.

ನಾಲ್ಕು ಕಾಗದ ಮುಗಿಯಿತು. ಈಗ ನಿಮ್ಮದೇ ದುಡ್ಡು ನಿಮಗೆ ವಾಪಸು ಬರುವ ಎರಡು ದಾರಿ ಹೇಳುತ್ತೇನೆ. ಜಿಎಂಸಿಯ ವಾರ್ಷಿಕ ಶುಲ್ಕ, ಬಿಎಂಎ ಹಾಗೂ ರಕ್ಷಣಾ ಸಂಸ್ಥೆಯ ವಂತಿಗೆ, ರಾಯಲ್ ಕಾಲೇಜಿನ ಸದಸ್ಯತ್ವ, ಇವಕ್ಕೆಲ್ಲ ತೆರಿಗೆ ವಿನಾಯಿತಿ ಇದೆ. ತರಬೇತಿಯ ಭಾಗವಾಗಿ ಕರಾರಿನಲ್ಲೇ ಕಡ್ಡಾಯವಾಗಿರುವ ಪರೀಕ್ಷೆ, ಕೋರ್ಸುಗಳ ಖರ್ಚಿಗೂ ವಿನಾಯಿತಿ ಸಿಗಬಹುದು. 2010ರಲ್ಲಿ ಅಪೀಲು ನ್ಯಾಯಾಲಯ ಬ್ಯಾನರ್ಜಿ ಪ್ರಕರಣದಲ್ಲಿ ಇದನ್ನು ಚರ್ಮರೋಗ ವಿಭಾಗದ ತರಬೇತಿ ವೈದ್ಯೆಯೊಬ್ಬರ ಪರವಾಗಿ ಎತ್ತಿಹಿಡಿಯಿತು. ಹಿಂದಿನ ನಾಲ್ಕು ತೆರಿಗೆ ವರ್ಷಗಳಿಗೂ ಕೇಳಬಹುದು. ರಸೀದಿಗಳನ್ನು ಎಸೆಯಬೇಡಿ, ಬೇರೆಯವರಿಗೆ ಕಮಿಷನ್ ಕೊಟ್ಟು ಮಾಡಿಸಲೂ ಬೇಡಿ. ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೀವೇ ಮಾಡಬಹುದು. ಎರಡನೆಯದು, ಟ್ರಸ್ಟ್ ಬದಲಾದಾಗಲೆಲ್ಲ ತೆರಿಗೆ ಕೋಡ್ ನೋಡಿ. ಸಾಮಾನ್ಯವಾಗಿ ಅದು 1257ಎಲ್ ಇರಬೇಕು. ಬೇರೆ ಇದ್ದರೆ ಕಾರಣ ಕೇಳಿ.

ಊರಿನ ಖಾತೆಗಳ ಬಗ್ಗೆ ಚಿಕ್ಕದಾಗಿ: ಇಲ್ಲಿಗೆ ಬಂದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲವೆಂದು ಇಲ್ಲಿಯೂ ಇಲ್ಲ ಅಂದುಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಹೊರದೇಶದ ಆದಾಯಕ್ಕೆ ವಿನಾಯಿತಿ ಪಡೆಯುವ ಹೊಸ ಪದ್ಧತಿ ಇದೆ. ಆದರೆ ಅದನ್ನು ಅರ್ಜಿ ಹಾಕಿ ಕೇಳಬೇಕು, ಕೇಳಿದ ವರ್ಷ 12,570 ಪೌಂಡಿನ ಸಾಮಾನ್ಯ ವಿನಾಯಿತಿ ಕೈತಪ್ಪುತ್ತದೆ. ಸಣ್ಣ ಬಡ್ಡಿಗೆ ಅದು ಲಾಭದ ಮಾತಲ್ಲ.

ಇಲ್ಲೇ ಹುಟ್ಟಿ ಬೆಳೆದು ವೈದ್ಯರಾಗುತ್ತಿರುವ ಮಕ್ಕಳ ತಂದೆತಾಯಿಯರೂ ಇದ್ದೀರಿ. ಮಗಳು ಅರವತ್ತು, ಎಂಬತ್ತು ಸಾವಿರ ಪೌಂಡ್ ಸಾಲದೊಂದಿಗೆ ಪದವಿ ಮುಗಿಸಿದ್ದಾಳೆಂದು ಗಾಬರಿಯಿಂದ ಮನೆಯ ಮೇಲೆ ಮತ್ತೆ ಸಾಲ ತೆಗೆದು ಅದನ್ನು ತೀರಿಸಲು ಹೊರಡಬೇಡಿ. ಅದು ಊರಿನ ಬ್ಯಾಂಕಿನ ಸಾಲದಂತಲ್ಲ. 2012ರಿಂದ 2023ರ ನಡುವೆ ಇಂಗ್ಲೆಂಡಿನಲ್ಲಿ ಓದಲು ಶುರು ಮಾಡಿದವರು 2025-26ರ ನಿಯಮದಂತೆ 28,470 ಪೌಂಡಿಗಿಂತ ಮೇಲಿನ ಆದಾಯದಲ್ಲಿ ನೂರಕ್ಕೆ 9 ಕಟ್ಟಬೇಕು. ಮೊದಲ ವರ್ಷದ ವೈದ್ಯೆಗೆ ಅದು ವರ್ಷಕ್ಕೆ ಸುಮಾರು 930 ಪೌಂಡ್. ಸಂಬಳ ನಿಂತರೆ ಕಂತೂ ನಿಲ್ಲುತ್ತದೆ. ಬಡ್ಡಿ ಬೆಳೆಯುತ್ತದೆ, ನಿಜ. ಮುಂದೆ ಸಂಬಳ ಏರಿದಾಗ ಬೇಗ ತೀರಿಸುವುದು ಲಾಭವೇ ಎಂದು ಕೂತು ಲೆಕ್ಕ ಹಾಕಿ. ಆದರೆ ಮೊದಲು ಅವಳ ಹೆಸರಿನಲ್ಲಿ ಮೂರು ತಿಂಗಳ ಹಣ ಇರಲಿ.

ಈಗ ಹಳಬರಿಗೆ.

ನಾವು ರಾಜ್ಯೋತ್ಸವ ಮಾಡುತ್ತೇವೆ, ಯುಗಾದಿ ಮಾಡುತ್ತೇವೆ, ಹೋಳಿಗೆ ಊಟ ಹಾಕುತ್ತೇವೆ. ಸಂತೋಷ. ಆದರೆ ಊರಿನಿಂದ ಫೋನ್ ಮಾಡಿ ‘ಮಗನನ್ನು ಕಳಿಸಲಾ?’ ಎಂದು ಕೇಳುವವರಿಗೆ ನಮ್ಮಲ್ಲಿ ಎಷ್ಟು ಜನ ನಿಜ ಹೇಳುತ್ತೇವೆ? ನಾವು ಬಂದ ಕಾಲದ ಕಥೆ ಹೇಳಿ, ‘ಬರಲಿ ಬಿಡಿ, ಏನೋ ಒಂದು ಆಗತ್ತೆ’ ಅನ್ನುತ್ತೇವೆ. ಆ ಒಂದು ಮಾತಿನ ಮೇಲೆ ಒಂದು ಮನೆ ಸಾಲ ಮಾಡುತ್ತದೆ. ಕನ್ನಡಿಗರ ಸಂಘಟನೆ ಎಂದು ಎದೆತಟ್ಟಿ ಹೇಳುವ ನಾವು ಮೂರು ಕೆಲಸ ಮಾಡೋಣ.

ಒಂದು, ಮೊದಲ ತಿಂಗಳ ನಿಧಿ. ಹೊಸಬರಿಗೆ ಸಂಬಳ ಬರುವುದು ದುಡಿದ ತಿಂಗಳ ಕೊನೆಗೆ. ಮನೆ ಹಿಡಿಯಲು ಅದಕ್ಕೆ ಮುಂಚೆಯೇ ಬಾಡಿಗೆ, ಅದರ ಮೇಲೆ ಐದು ವಾರದವರೆಗಿನ ಬಾಡಿಗೆಯ ಠೇವಣಿ ಬೇಕು. ಇಪ್ಪತ್ತು ಮನೆಯವರು ತಲಾ 150 ಪೌಂಡ್ ಹಾಕಿದರೆ 3,000 ಆಯಿತು. ಬಡ್ಡಿಯಿಲ್ಲದೆ ಕೊಡೋಣ, ಆರು ತಿಂಗಳಲ್ಲಿ ವಾಪಸು ಪಡೆದು ಮುಂದಿನವರಿಗೆ ಕೊಡೋಣ. ಲೆಕ್ಕ ಪ್ರತಿ ಮೂರು ತಿಂಗಳಿಗೊಮ್ಮೆ ಈ ಮಿಂಚಂಚೆಯಲ್ಲಿ ಬರಲಿ, ಪಡೆದವರ ಹೆಸರು ಮಾತ್ರ ಬೇಡ. ಇದು ದಾನವಲ್ಲ, ಕೈಗಡ.

ಎರಡು, ಕರಾರು ಓದುವ ಬಳಗ. ನಾಲ್ಕು ಜನ ಅನುಭವಿ ವೈದ್ಯರು, ಇಬ್ಬರು ಅಕೌಂಟೆಂಟರು, ಉದ್ಯೋಗ ಕಾನೂನು ಬಲ್ಲ ಒಬ್ಬರು ಸಾಕು. ಸಹಿ ಹಾಕುವ ಮುಂಚೆ ಕರಾರು ಕಳಿಸಿದರೆ ಎರಡು ದಿನದಲ್ಲಿ ಓದಿ, ಏನನ್ನು ಪ್ರಶ್ನಿಸಬೇಕೆಂದು ಹೇಳೋಣ. ಪಾಲಿಸಿ ಮಾರುವವರಿಗೆ ಈ ಬಳಗದಲ್ಲಿ ಜಾಗ ಬೇಡ, ಎಷ್ಟೇ ಆಪ್ತರಾದರೂ ಸರಿ.

ಮೂರು, ಕನ್ನಡದಲ್ಲಿ ನಾಲ್ಕು ಪುಟದ ಒಂದು ಕೈಪಿಡಿ. ಇದು ಇಲ್ಲಿರುವವರಿಗಲ್ಲ. ದಾವಣಗೆರೆಯಲ್ಲೋ ವಿಜಯಪುರದಲ್ಲೋ ಕೂತು ಮಗಳ ಪ್ಲ್ಯಾಬ್ ಪರೀಕ್ಷೆಗೆ ಹಣ ಹೊಂದಿಸುತ್ತಿರುವ ಅಪ್ಪ ಅಮ್ಮನಿಗೆ. ಹುದ್ದೆಗಳೆಷ್ಟು, ಅರ್ಜಿಗಳೆಷ್ಟು, ಕೈಗೆ ಬರುವ ಸಂಬಳವೆಷ್ಟು, ಒಂದು ವರ್ಷ ಕೆಲಸ ಸಿಗದಿದ್ದರೆ ಖರ್ಚೆಷ್ಟು. ಹೆದರಿಸುವುದೂ ಬೇಡ, ಹುರಿದುಂಬಿಸುವುದೂ ಬೇಡ, ಅಂಕಿ ಇದ್ದದ್ದು ಇದ್ದ ಹಾಗೆ. ಇಂಥ ತೀರ್ಮಾನ ಅಡುಗೆಮನೆಯಲ್ಲಿ, ಕನ್ನಡದಲ್ಲಿ ನಡೆಯುತ್ತದೆ. ಮಾಹಿತಿ ಮಾತ್ರ ಇಂಗ್ಲಿಷಿನಲ್ಲಿದೆ. ಕನ್ನಡದ ಕೆಲಸ ಎಂದರೆ ಇದೂ ಕನ್ನಡದ ಕೆಲಸವೇ.

ಹೊರಗೆ ಮೇಜಿನ ಮೇಲೆ ಮೂರು ಹಾಳೆಗಳಿವೆ, ಒಂದೊಂದು ಕೆಲಸಕ್ಕೆ ಒಂದೊಂದು. ಊಟಕ್ಕೆ ಸಾಲು ನಿಲ್ಲುವ ಮುಂಚೆ ಯಾವುದಾದರೂ ಒಂದರಲ್ಲಿ ಹೆಸರು ಬರೆಯಿರಿ. ಇದನ್ನು ಮಿಂಚಂಚೆಯಲ್ಲಿ ಓದುತ್ತಿರುವವರು ಸಂಪಾದಕರಿಗೆ ಎರಡು ಸಾಲು ಬರೆದರೆ ಸಾಕು. ಹೊಸಬರಿಗೆ ಇನ್ನೊಂದೇ ಮಾತು: ಇವತ್ತು ಮನೆಗೆ ಹೋಗಿ ಬ್ಯಾಂಕಿನ ಖಾತೆ ತೆರೆದು ನೋಡಿ, ಎಷ್ಟು ದಿನ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಹನ್ನೆರಡು ದಿನ ಎಂದು ಬಂದರೂ ನಾಚಿಕೆಪಡಬೇಡಿ. ಮುಂದಿನ ಯುಗಾದಿಗೆ ಅದು ತೊಂಬತ್ತಾಗಿರಲಿ.